ಶಿಖರಕ್ಕೆ ಇಂಜಿನ್ ಹೊತ್ತವನು

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ಪಾರ್ಕಿಂಗಿನಲ್ಲಿ ಒಂದು ವಾರ ಪೂರ್ತಿ ಒಂದೇ ಚರ್ಚೆ. ಸೀನಿಯರ್ ಒಬ್ಬರು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಂದಿದ್ರು. ಬೂಸ್ಟ್ ಸ್ವಲ್ಪ ಏರಿಸಬೇಕು, ಅದಕ್ಕೆ ದೊಡ್ಡ ಇಂಟರ್‌ಕೂಲರ್ ಬೇಕು, ಜೊತೆಗೆ ಆಯಿಲ್ ಕೂಲರ್ ಕೂಡ ಹಾಕಿಸಬೇಕು ಅಂತ ಅವರ ಆಸೆ. ಎಷ್ಟು ದೊಡ್ಡದು ಅಂದ್ರೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ದೊಡ್ಡದಾದಷ್ಟೂ ಒಳ್ಳೇದು ಅಂತ ಅರ್ಧ ಜನ, ಬಂಪರಿನಲ್ಲಿ ಹಿಡಿಸಿದಷ್ಟು ಅಂತ ಉಳಿದರ್ಧ. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ತೊಂಬತ್ತು ತೆಗೆದವರೂ ಅಲ್ಲೇ ಇದ್ದರು, ನಾನೂ ಇದ್ದೆ. ನನ್ನ ಮಾರ್ಕ್ಸ್ ಕೇಳಬೇಡಿ.

ಈ ಪ್ರಶ್ನೆಗೆ ನೂರು ವರ್ಷದ ವಯಸ್ಸಾಗಿದೆ. ಅದು ಮೊದಲು ಹುಟ್ಟಿದ್ದು ಕಾರಿಗಲ್ಲ, ವಿಮಾನಕ್ಕೆ. ಹಾಗೆ ಹುಟ್ಟೋ ಹಾಗೆ ಮಾಡಿದವನು ಸ್ಯಾನ್‌ಫರ್ಡ್ ಮಾಸ್.

ಮಾಸ್ ಹುಟ್ಟಿದ್ದು 1872ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹದಿನಾರನೇ ವಯಸ್ಸಿಗೇ ಮಷೀನ್ ಶಾಪ್ ಸೇರಿದ. ನಾವು ಆ ವಯಸ್ಸಿನಲ್ಲಿ ಸಿಇಟಿ ಕೋಚಿಂಗಿಗೆ ಹೋಗ್ತಿದ್ದೆವು, ಈ ಹುಡುಗ ಲೇಥ್ ಮುಂದೆ ನಿಂತಿದ್ದ. ಅಲ್ಲಿ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬೋ ಯಂತ್ರಗಳ ಕೆಲಸ ನಡೀತಿತ್ತು. ಒತ್ತಿದ ಗಾಳಿಯೊಳಗೇ ಇಂಧನ ಸುಟ್ಟು, ಆ ಬಿಸಿ ಅನಿಲವನ್ನು ಒಂದು ಚಕ್ರದ ಮೇಲೆ ಬಿಟ್ಟರೆ ಪಿಸ್ಟನ್ ಯಾಕೆ ಬೇಕು ಅನ್ನೋ ಯೋಚನೆ ಅವನ ತಲೆಗೆ ಹೊಕ್ಕಿದ್ದು ಅಲ್ಲೇ. ಅದು ಕೊನೆವರೆಗೂ ಬಿಡಲಿಲ್ಲ. ಕೈಕೆಲಸ ಕಲಿತ ಮೇಲೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಿಗ್ರಿ, ಆಮೇಲೆ ಮಾಸ್ಟರ್ಸ್. ಪಿಎಚ್‌ಡಿಗೆ ಕಾರ್ನೆಲ್. ವಿಷಯ ಅದೇ, ಗ್ಯಾಸ್ ಟರ್ಬೈನ್.

ಕಾರ್ನೆಲ್‌ನಲ್ಲಿ ಅವನು ಯಂತ್ರವನ್ನು ಕಟ್ಟೇ ಕಟ್ಟಿದ. ಚಕ್ರ ತಿರುಗಿತು. ಆದರೆ ಗಾಳಿ ಒತ್ತೋ ಕಂಪ್ರೆಸರ್ ತಿನ್ನೋ ಶಕ್ತಿ ಟರ್ಬೈನ್ ಕೊಡೋ ಶಕ್ತಿಗಿಂತ ಹೆಚ್ಚಿತ್ತು. ಅಂದ್ರೆ ಅಂಗಡಿ ತೆರೆದಿದೆ, ವ್ಯಾಪಾರವೂ ಇದೆ, ದಿನದ ಕೊನೆಗೆ ಲೆಕ್ಕ ಹಾಕಿದ್ರೆ ಕೈಯಿಂದಲೇ ಹೋಗಿದೆ. 1903ರಲ್ಲಿ ಪಿಎಚ್‌ಡಿ ಸಿಕ್ಕಿತು. ಜನರಲ್ ಎಲೆಕ್ಟ್ರಿಕ್ ಕಂಪನಿ ಕರೆದು ಮ್ಯಾಸಚೂಸೆಟ್ಸ್‌ನ ಲಿನ್ ಊರಿನ ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿತು. ಅಲ್ಲೂ ಕೆಲವು ವರ್ಷ ಗ್ಯಾಸ್ ಟರ್ಬೈನ್ ಮೇಲೆ ಒದ್ದಾಟ ನಡೆಯಿತು. ಆದರೆ ಸುಟ್ಟ ಇಂಧನಕ್ಕೆ ಸಿಗ್ತಿದ್ದ ಕೆಲಸ ತೀರಾ ಕಡಿಮೆ. 1907ರ ಹೊತ್ತಿಗೆ ಕಂಪನಿ ಆ ಕೆಲಸ ನಿಲ್ಲಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿಎಚ್‌ಡಿ ವಿಷಯವೇ ಕೈಕೊಟ್ಟಿದೆ, ಕಂಪನಿ ಬಾಗಿಲು ಹಾಕಿದೆ, ವಯಸ್ಸು ಮೂವತ್ತೈದು. ಅವನು ರಾಜೀನಾಮೆ ಕೊಟ್ಟು ಹೋಗಲಿಲ್ಲ. ಟರ್ಬೈನ್ ಬದಿಗಿಟ್ಟು ಅದರ ಇನ್ನರ್ಧವನ್ನು ಹಿಡಿದುಕೊಂಡ, ಅಂದ್ರೆ ಕಂಪ್ರೆಸರ್. ಕಾರ್ಖಾನೆಗಳಿಗೆ, ಕುಲುಮೆಗಳಿಗೆ ಗಾಳಿ ಊದೋ ಸೆಂಟ್ರಿಫ್ಯೂಗಲ್ ಬ್ಲೋವರ್‌ಗಳ ಮೇಲೆ ಹತ್ತು ವರ್ಷ ಕೆಲಸ ಮಾಡಿದ. ನೀರಸ ಕೆಲಸ ಅಂತಲೇ ಅನ್ನಿ. ಆದರೆ ವೇಗವಾಗಿ ತಿರುಗೋ ಚಕ್ರದಿಂದ ಗಾಳಿಯನ್ನು ಹೇಗೆ ಒತ್ತಬೇಕು ಅನ್ನೋದು ಅಮೆರಿಕದಲ್ಲಿ ಅವನಷ್ಟು ಗೊತ್ತಿದ್ದವರು ಕಡಿಮೆ ಅನ್ನೋ ಸ್ಥಿತಿ ಬಂತು.

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಎತ್ತರಕ್ಕೆ ಹೋದ ಹಾಗೆ ವಿಮಾನದ ಇಂಜಿನ್ ಸೊರಗುತ್ತೆ, ಗಾಳಿ ತೆಳುವಾಗೋದೇ ಅದಕ್ಕೆ ಕಾರಣ. ಎಕ್ಸಾಸ್ಟ್ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದರಿಂದ ಕಂಪ್ರೆಸರ್ ಓಡಿಸಿ, ಇಂಜಿನ್‌ಗೆ ದಟ್ಟ ಗಾಳಿ ಕೊಡೋ ಉಪಾಯವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಮಾಡಿದ್ದ. ಯುದ್ಧದ ಹೊತ್ತಿನಲ್ಲಿ ಫ್ರಾನ್ಸಿನ ಓಗುಸ್ಟ್ ರಾಟೊ ಅದನ್ನು ವಿಮಾನಕ್ಕೆ ಅಳವಡಿಸೋ ಪ್ರಯತ್ನದಲ್ಲಿದ್ದ. ಹಾಗಾಗಿ ಟರ್ಬೊ ಕಂಡುಹಿಡಿದವನು ಮಾಸ್ ಅಂತ ಬರೆಯೋರನ್ನು ನಂಬಬೇಡಿ. ಅಮೆರಿಕದ ವಿಮಾನಯಾನ ಸಲಹಾ ಸಮಿತಿಯ ಅಧ್ಯಕ್ಷನಾಗಿದ್ದ ವಿಲಿಯಂ ಡ್ಯುರಾಂಡ್ ಹಿಂದೆ ಕಾರ್ನೆಲ್‌ನಲ್ಲಿ ಪ್ರೊಫೆಸರ್. ಮಾಸ್‌ನ ಆ ಕೈಕೊಟ್ಟ ಟರ್ಬೈನ್ ಅವನಿಗೆ ನೆನಪಿತ್ತು. ಜನರಲ್ ಎಲೆಕ್ಟ್ರಿಕ್‌ಗೆ ಹೇಳಿ ಕಳಿಸಿದ.

ಗ್ಯಾಸ್ ಟರ್ಬೈನಿನಲ್ಲಿ ಸೋತಿದ್ದು ಟರ್ಬೊದಲ್ಲಿ ಯಾಕೆ ಗೆಲ್ಲುತ್ತೆ? ಗ್ಯಾಸ್ ಟರ್ಬೈನ್ ತನ್ನ ಕಂಪ್ರೆಸರನ್ನೂ ಓಡಿಸಬೇಕು, ಮೇಲೆ ಲೋಕಕ್ಕೂ ಕೆಲಸ ಮಾಡಿಕೊಡಬೇಕು. ಟರ್ಬೊಗೆ ಆ ಎರಡನೇ ಜವಾಬ್ದಾರಿ ಇಲ್ಲ. ಪ್ರೊಪೆಲ್ಲರ್ ತಿರುಗಿಸೋದು ಪಿಸ್ಟನ್ ಇಂಜಿನ್‌ನ ಕೆಲಸ, ಟರ್ಬೈನ್ ತನ್ನ ಕಂಪ್ರೆಸರನ್ನು ಓಡಿಸಿಕೊಂಡರೆ ಸಾಕು. ಅದೂ ಹೇಗಿದ್ರೂ ಹೊರಗೆ ಹೋಗೋ ಹೊಗೆಯಿಂದ. ಹದಿನೈದು ವರ್ಷ ನಷ್ಟದಲ್ಲಿದ್ದ ಅಂಗಡಿ ಒಂದೇ ಸಲ ಲಾಭಕ್ಕೆ ಬಂತು.

ಮಾಸ್‌ನ ತಂಡ 12 ಸಿಲಿಂಡರಿನ ಲಿಬರ್ಟಿ ವಿಮಾನ ಇಂಜಿನ್‌ಗೆ ಟರ್ಬೊ ಕಟ್ಟಿತು. ಅದನ್ನು ಪರೀಕ್ಷಿಸೋದು ಹೇಗೆ? ನೆಲದ ಮೇಲೆ ಗಾಳಿ ದಟ್ಟವಾಗಿದೆ, ಅಲ್ಲಿ ಪರೀಕ್ಷೆಗೆ ಅರ್ಥ ಇಲ್ಲ. ಸೀದಾ ವಿಮಾನಕ್ಕೆ ಹಾಕಿ ಹಾರಿಸಿದ್ರೆ ಪೈಲಟ್ ಜೀವ ಪಣಕ್ಕಿಟ್ಟ ಹಾಗೆ. ಕೊಲರಾಡೋದಲ್ಲಿ ಪೈಕ್ಸ್ ಪೀಕ್ ಅನ್ನೋ ಶಿಖರ ಇದೆ, 14,000 ಅಡಿಗೂ ಮೇಲೆ. ಎರಡು ಮೂರು ವರ್ಷದ ಹಿಂದಷ್ಟೇ ತುದಿವರೆಗೆ ಮೋಟಾರು ರಸ್ತೆ ಆಗಿತ್ತು. 1918ರಲ್ಲಿ ಮಾಸ್ ಇಂಜಿನ್, ಟರ್ಬೊ, ಅಳತೆ ಉಪಕರಣ ಎಲ್ಲವನ್ನೂ ಲಾರಿ ಮೇಲೆ ಕಟ್ಟಿಕೊಂಡು ಆ ತಿರುವುಗಳನ್ನು ಹತ್ತಿಸಿದ. ಅಲ್ಲಿ ಚಳಿ, ಗಾಳಿ, ನಾಲ್ಕು ಹೆಜ್ಜೆ ಇಟ್ಟರೆ ಉಸಿರುಕಟ್ಟೋ ತೆಳು ಹವೆ. ಅದರ ನಡುವೆ ಇಂಜಿನ್ ಶುರು ಮಾಡಿ ಓದು ತೆಗೆದುಕೊಂಡರು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡ್ತಿದ್ದ ಇಂಜಿನ್ ಶಿಖರದ ಮೇಲೆ ಟರ್ಬೊ ಇಲ್ಲದೆ ಸುಮಾರು 230ಕ್ಕೆ ಇಳಿದಿತ್ತು. ಟರ್ಬೊ ಹಾಕಿದಾಗ 356.

ಪೂರಾ ವಾಪಸ್ ಬಂತು, ಮೇಲೆ ಆರು ಲಾಭ. ಲ್ಯಾಬಿನಲ್ಲಿ ನಮ್ಮ ರೀಡಿಂಗ್ ಹೀಗೆ ಬಂದ್ರೆ ಮೇಡಂ ಕಾಪಿ ಹೊಡೆದಿದ್ದೀರಾ ಅಂತ ಕೇಳ್ತಾರೆ.

ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಆದರೆ ಸೈನ್ಯ ಆಸಕ್ತಿ ಬಿಡಲಿಲ್ಲ. ಓಹಾಯೋದ ಮೆಕುಕ್ ಫೀಲ್ಡ್‌ನಲ್ಲಿ 1919ರಿಂದ ಈ ಟರ್ಬೊ ಹೊತ್ತ ಲೆಪೇರ್ ವಿಮಾನ ಹಾರತೊಡಗಿತು. 1920ರ ಫೆಬ್ರುವರಿ 27ರಂದು ರುಡಾಲ್ಫ್ ಶ್ರೋಡರ್ ಅದರಲ್ಲಿ 33,000 ಅಡಿ ದಾಟಿ ವಿಶ್ವದಾಖಲೆ ಮಾಡಿದ. ತೆರೆದ ಕಾಕ್‌ಪಿಟ್, ಕೆಟ್ಟ ಚಳಿ. ಮೇಲೆ ಆಮ್ಲಜನಕದ ತೊಂದರೆ ಆಯಿತು. ಸರಿಯಾಗಿ ನೋಡೋಣ ಅಂತ ಕನ್ನಡಕ ಎತ್ತಿದ್ದೇ ತಡ ಕಣ್ಣು ಹೆಪ್ಪುಗಟ್ಟಿದವು, ಪ್ರಜ್ಞೆ ತಪ್ಪಿತು. ವಿಮಾನ ಮೈಲಿಗಟ್ಟಲೆ ಕೆಳಗೆ ಬಿತ್ತು. ನೆಲ ಹತ್ತಿರ ಬಂದಾಗ ಎಚ್ಚರವಾಗಿ ಹೇಗೋ ಎತ್ತಿ ಇಳಿಸಿದ. ಇಂಜಿನ್ ಎತ್ತರಕ್ಕೆ ತಯಾರಾಗಿತ್ತು, ಮನುಷ್ಯ ಇನ್ನೂ ಆಗಿರಲಿಲ್ಲ. ಮುಂದಿನ ವರ್ಷ ಜಾನ್ ಮೆಕ್‌ರೆಡಿ ಅದೇ ಬಗೆಯ ವಿಮಾನದಲ್ಲಿ ಇನ್ನೂ ಮೇಲೆ ಹೋದ.

ಈಗ ನಮ್ಮ ಪಾರ್ಕಿಂಗ್ ಪ್ರಶ್ನೆಗೆ ಬರ್ತೀನಿ. ಎತ್ತರ ಹೆಚ್ಚಿದ ಹಾಗೆ ಮಾಸ್‌ನ ಟರ್ಬೊಗೆ ಒಂದು ಹೊಸ ಶತ್ರು ಎದುರಾಯಿತು, ಶಾಖ. ಗಾಳಿ ಒತ್ತಿದ್ರೆ ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು. ನಾನೇ ಒಂದು ಲೆಕ್ಕ ಹಾಕಿ ನೋಡಿದೆ. 25,000 ಅಡಿಯಲ್ಲಿ ಹೊರಗಿನ ತಾಪ ಸುಮಾರು ಮೈನಸ್ 34 ಡಿಗ್ರಿ ಸೆಲ್ಸಿಯಸ್, ಒತ್ತಡ ಸಮುದ್ರಮಟ್ಟದ 37 ಪರ್ಸೆಂಟ್. ಅದನ್ನು ಸಮುದ್ರಮಟ್ಟದ ಒತ್ತಡಕ್ಕೆ ತರಬೇಕಾದ್ರೆ 2.7 ಪಟ್ಟು ಒತ್ತಬೇಕು. ಕಂಪ್ರೆಸರ್ ದಕ್ಷತೆ 65 ಪರ್ಸೆಂಟ್ ಅಂತ ಇಟ್ಟುಕೊಂಡ್ರೆ ತಾಪ 120 ಡಿಗ್ರಿ ಏರುತ್ತೆ. ಹಿಮದ ಗಾಳಿ ಒಳಗೆ ಹೋಗಿ 85 ಡಿಗ್ರಿ ಆಗಿ ಹೊರಗೆ ಬರುತ್ತೆ! ಅಮೆರಿಕದ ಯುದ್ಧವಿಮಾನಗಳ ಇಂಜಿನ್‌ನಲ್ಲಿ ಗೇರಿನಿಂದ ಓಡೋ ಇನ್ನೊಂದು ಸೂಪರ್‌ಚಾರ್ಜರ್ ಬೇರೆ ಇರ್ತಿತ್ತು, ಅದು ಮತ್ತೊಮ್ಮೆ ಒತ್ತಿ ಮತ್ತೊಮ್ಮೆ ಕಾಯಿಸುತ್ತೆ. ಅಷ್ಟು ಬಿಸಿ ಮಿಶ್ರಣ ಸಿಲಿಂಡರಿಗೆ ಹೋದ್ರೆ ಕಿಡಿ ಹಚ್ಚೋ ಮೊದಲೇ ಸಿಡಿಯುತ್ತೆ, ಪಿಸ್ಟನ್ ತೂತು ಬೀಳುತ್ತೆ. ಅದಕ್ಕೇ ಟರ್ಬೊಗೂ ಆ ಎರಡನೇ ಸೂಪರ್‌ಚಾರ್ಜರಿಗೂ ನಡುವೆ ಒಂದು ಕೂಲರ್. ನಡುವೆ ಇದ್ದಿದ್ದಕ್ಕೆ ಇಂಟರ್‌ಕೂಲರ್ ಅನ್ನೋ ಹೆಸರು. ನಮ್ಮ ಕಾರಿನಲ್ಲಿ ಕಂಪ್ರೆಸರ್ ಇರೋದೇ ಒಂದು, ಅದರ ನಂತರ ಬರೋ ಕೂಲರಿಗೆ ಆ ಹೆಸರು ಸರಿ ಹೋಗಲ್ಲ. ಆದ್ರೂ ಉಳಿದುಬಿಟ್ಟಿದೆ, ಇರಲಿ.

ಇಪ್ಪತ್ತರ, ಮೂವತ್ತರ ದಶಕವೆಲ್ಲ ಮಾಸ್ ಟರ್ಬೊ ತಿದ್ದುತ್ತಲೇ ಕಳೆದ. ಕೆಂಪಗೆ ಕಾಯೋ ಟರ್ಬೈನ್ ಚಕ್ರವನ್ನು ವಿಮಾನದ ಹೊರಮೈಯಲ್ಲಿ ಗಾಳಿಗೆ ತೆರೆದಿಟ್ಟು ತಣಿಸೋದು ಅವನ ವಿನ್ಯಾಸದ ಜಾಣತನ. ಆದ್ರೂ ಬ್ಲೇಡು ಸೀಳೋದು, ಬೇರಿಂಗ್ ಸುಡೋದು ತಪ್ಪಲಿಲ್ಲ. ಬ್ಲೇಡಿನ ಲೋಹಕ್ಕೆ ಕೊನೆಗೆ ಒಂದು ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತಾ? ಹಲ್ಲಿನ ಡಾಕ್ಟರ ಹತ್ತಿರ. ಕಟ್ಟುಹಲ್ಲಿಗೆ ಬಳಸ್ತಿದ್ದ ವಿಟಾಲಿಯಂ ಅನ್ನೋ ಕೋಬಾಲ್ಟ್ ಮಿಶ್ರಲೋಹವನ್ನೇ ಎರಡನೇ ಮಹಾಯುದ್ಧದ ಹೊತ್ತಿಗೆ ಟರ್ಬೊ ಬ್ಲೇಡಿಗೆ ಎರಕ ಹೊಯ್ದರು.

1938ರಲ್ಲಿ ಮಾಸ್ ರಿಟೈರ್ ಆದ. ಯುದ್ಧದ ಮೋಡ ಕವಿದಾಗ ಮತ್ತೆ ಕರೆದರು, ಸಲಹೆಗಾರನಾಗಿ ವಾಪಸ್ ಬಂದ. 1940ರ ಕಾಲಿಯರ್ ಟ್ರೋಫಿ ಅವನಿಗೂ ಸೈನ್ಯದ ವಾಯುದಳಕ್ಕೂ ಸೇರಿ ಸಿಕ್ಕಿತು. ಪೈಕ್ಸ್ ಪೀಕ್ ಹತ್ತಿ ಇಪ್ಪತ್ತೆರಡು ವರ್ಷ ಆಗಿತ್ತು. ಬಿ-17, ಬಿ-24 ಬಾಂಬರುಗಳು, ಪಿ-38, ಪಿ-47 ಫೈಟರುಗಳು, ಇವೆಲ್ಲ ಅವನ ಟರ್ಬೊ ಹೊತ್ತು ಹಾರಿದವು.

ಟರ್ಬೊ ಒಂದೇ ಬಗೆಯದಾದರೂ ಕೂಲರ್ ಎಲ್ಲಿ, ಎಷ್ಟು ಅನ್ನೋದನ್ನು ಆಯ್ದುಕೊಂಡಿದ್ದು ಆಯಾ ವಿಮಾನ ಕಂಪನಿ. ಅಲ್ಲೇ ಮಜಾ ಇರೋದು. ಬಿ-17ರಲ್ಲಿ ರೆಕ್ಕೆಯ ಮುಂಚಿನ ಸೀಳುಗಳಿಂದ ಗಾಳಿ ಒಳಗೆಳೆದು ಇಂಟರ್‌ಕೂಲರ್, ಆಯಿಲ್ ಕೂಲರ್ ಎರಡಕ್ಕೂ ಕೊಟ್ಟರು. ಪಿ-47ರಲ್ಲಿ ಟರ್ಬೊ, ಇಂಟರ್‌ಕೂಲರ್ ಎರಡನ್ನೂ ಪೈಲಟ್ ಹಿಂದೆ ಬಾಲದ ಕಡೆ ಇಟ್ಟು, ಗಾಳಿಯನ್ನು ಉದ್ದುದ್ದ ಕೊಳವೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿದರು. ವಿಮಾನ ಅದಕ್ಕೇ ಅಷ್ಟು ದಪ್ಪ.

ಪಿ-38ರ ಕಥೆ ಮಾತ್ರ ನಮ್ಮ ಸೀನಿಯರ್ ಓದಲೇಬೇಕಾದ್ದು. ಲಾಕ್‌ಹೀಡ್ ಕಂಪನಿ ರೆಕ್ಕೆಯ ಮುಂಚಿನ ಟೊಳ್ಳು ಜಾಗವನ್ನೇ ಇಂಟರ್‌ಕೂಲರ್ ಮಾಡಿತು. ಬಿಸಿ ಗಾಳಿ ರೆಕ್ಕೆಯ ಚರ್ಮದ ಒಳಗೆ ಹರಿಯುತ್ತೆ, ಹೊರಗೆ ಚಳಿಗಾಳಿ ಸವರಿಕೊಂಡು ಹೋಗುತ್ತೆ. ಪ್ರತ್ಯೇಕ ಡಬ್ಬ ಬೇಡ, ಗಾಳಿಗೆ ಅಡ್ಡವೂ ಇಲ್ಲ. ಎಂಥ ಚಂದದ ಉಪಾಯ! ಆದರೆ ರೆಕ್ಕೆ ಇದ್ದಷ್ಟೇ ಕೂಲರ್. ಆ ಕೂಲರನ್ನು ಲೆಕ್ಕ ಹಾಕಿದ್ದು ಮೊದಲಿನ ಕಡಿಮೆ ಶಕ್ತಿಯ ಅಲಿಸನ್ ಇಂಜಿನ್‌ಗೆ. ಮುಂದೆ ಅದೇ ಇಂಜಿನ್ 1,425 ಅಶ್ವಶಕ್ತಿ ಕೊಡೋ ಮಟ್ಟಕ್ಕೆ ಬೆಳೆಯಿತು, ರೆಕ್ಕೆ ಬೆಳೆಯಲಿಲ್ಲ. ಬಿಸಿ ಇಳಿಯದೆ ಪೂರ್ತಿ ಶಕ್ತಿ ಬಳಸೋ ಹಾಗಿರಲಿಲ್ಲ. ಇಂಜಿನ್ ಹಿಮ್ಮುಖವಾಗಿ ಸಿಡಿದ್ರೆ ರೆಕ್ಕೆಗೇ ಏಟು. 1943ರ ಪಿ-38ಜೆ ಮಾದರಿಯಲ್ಲಿ ಇದನ್ನು ಕಿತ್ತುಹಾಕಿ, ಇಂಜಿನ್‌ನ ಗಲ್ಲದ ಕೆಳಗೆ ಎರಡು ಆಯಿಲ್ ಕೂಲರುಗಳ ಮಧ್ಯೆ ಸರಿಯಾದ ಕೋರ್ ಇರೋ ಇಂಟರ್‌ಕೂಲರ್ ಕೂರಿಸಿದರು. ರೆಕ್ಕೆಯ ಖಾಲಿ ಜಾಗಕ್ಕೆ ಪೆಟ್ರೋಲ್ ಟ್ಯಾಂಕ್ ಬಂತು.

ಸಮಸ್ಯೆ ಮುಗೀತು ಅಂದುಕೊಂಡ್ರಾ? ಆ ಚಳಿಗಾಲದಲ್ಲಿ ಅವು ಯುರೋಪಿನ ಮೇಲೆ ಬಾಂಬರುಗಳಿಗೆ ಕಾವಲಾಗಿ ತುಂಬಾ ಎತ್ತರದಲ್ಲಿ, ಕಡಿಮೆ ಶಕ್ತಿಯಲ್ಲಿ ಗಂಟೆಗಟ್ಟಲೆ ಹಾರಬೇಕಿತ್ತು. ಈಗ ತಂಪು ಅತಿಯಾಯಿತು. ಗಾಳಿ ಎಷ್ಟು ತಣ್ಣಗಾಯಿತು ಅಂದ್ರೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಹನಿಯಾಗಿ ಕೂತಿತು. ಆಯಿಲ್ ತಣ್ಣಗಾಗಿ ಜೇನಿನ ಹಾಗೆ ಗಟ್ಟಿಯಾಯಿತು. ಶತ್ರು ಕಂಡಾಗ ಪೈಲಟ್ ಥ್ರಾಟಲ್ ದೂಡಿದ್ರೆ ಇಂಜಿನ್ ಕೆಮ್ಮಿ ಸಾಯೋದು, ಕೆಲವು ಸಲ ಒಡೆದೇ ಹೋಗೋದು. ಅದೇ ವಿಮಾನ ಪೆಸಿಫಿಕ್ ಸಾಗರದ ಸೆಖೆಯಲ್ಲಿ, ಕಡಿಮೆ ಎತ್ತರದಲ್ಲಿ ಅಮೆರಿಕದ ಅತಿ ಯಶಸ್ವಿ ಫೈಟರುಗಳಲ್ಲಿ ಒಂದಾಗಿತ್ತು.

ಇದನ್ನು ಓದಿದ ಮೇಲೆ ನಾನು ಸೀನಿಯರ್ ಕಾರಿನ ಲೆಕ್ಕ ಹಾಕಿದೆ. 30 ಡಿಗ್ರಿ ಗಾಳಿ, ಒಂದು ಬಾರ್ ಬೂಸ್ಟ್, ಅಂದ್ರೆ ಎರಡು ಪಟ್ಟು ಒತ್ತಡ. 70 ಪರ್ಸೆಂಟ್ ದಕ್ಷತೆಯ ಕಂಪ್ರೆಸರಿನಿಂದ ಗಾಳಿ ಸುಮಾರು 125 ಡಿಗ್ರಿಯಾಗಿ ಬರುತ್ತೆ. ಇಂಟರ್‌ಕೂಲರಿನ ಸಾಮರ್ಥ್ಯ 70 ಪರ್ಸೆಂಟ್ ಇದ್ರೆ ಅದು 59ಕ್ಕೆ ಇಳಿಯುತ್ತೆ. ಬರೀ ತಾಪ ನೋಡಿದ್ರೆ ಗಾಳಿ 20 ಪರ್ಸೆಂಟ್ ದಟ್ಟ. ಆದರೆ ಕೂಲರ್ ದಾಟುವಾಗ 0.1 ಬಾರ್ ಒತ್ತಡ ಕಳೆದುಹೋದ್ರೆ ನಿಜವಾದ ಲಾಭ 14 ಪರ್ಸೆಂಟ್ ಮಾತ್ರ. ಹಾಗಾಗಿ ಕೂಲರ್ ಕೊಳ್ಳುವಾಗ ಎಷ್ಟು ತಣಿಸುತ್ತೆ ಅನ್ನೋದರ ಜೊತೆಗೆ ಎಷ್ಟು ಒತ್ತಡ ತಿನ್ನುತ್ತೆ ಅಂತಲೂ ಕೇಳಬೇಕು. ಅತಿ ದೊಡ್ಡದಾದ್ರೆ ಒಳಗಿನ ಜಾಗ ತುಂಬೋಕೂ ಹೊತ್ತು ಬೇಕು, ಕಾಲಿಟ್ಟ ತಕ್ಷಣ ಕಾರು ಎಗರಲ್ಲ. ದಪ್ಪ ಕೋರಿಗಿಂತ ಗಾಳಿಗೆ ಎದೆಯೊಡ್ಡೋ ಅಗಲವಾದ ತೆಳು ಕೋರ್ ಮೇಲು, ಯಾಕಂದ್ರೆ ದಪ್ಪ ಕೋರಿನ ಹಿಂಭಾಗಕ್ಕೆ ತಲುಪೋ ಹೊತ್ತಿಗೆ ಹೊರಗಿನ ಗಾಳಿಯೇ ಬಿಸಿಯಾಗಿರುತ್ತೆ. ಆ ಬಿಸಿ ಗಾಳಿ ಮುಂದೆ ಹೋಗೋದು ರೇಡಿಯೇಟರಿಗೆ ಅನ್ನೋದೂ ನೆನಪಿರಲಿ. ಬಂಪರಿನ ತೂತಿಗೂ ಕೋರಿಗೂ ನಡುವೆ ಸಂದು ಬಿಟ್ಟರೆ ಗಾಳಿ ಸುತ್ತಿಕೊಂಡು ಹೋಗಿಬಿಡುತ್ತೆ. ಸುತ್ತ ತಗಡೋ ಸ್ಪಂಜೋ ಹಾಕಿ ಮುಚ್ಚೋದು ನೂರಿನ್ನೂರು ರೂಪಾಯಿ ಕೆಲಸ, ಯಾರೂ ಮಾಡಲ್ಲ.

ಆಯಿಲ್ ಕೂಲರಿನಲ್ಲಿ ಪಿ-38ರ ತಪ್ಪು ಇನ್ನೂ ಸುಲಭವಾಗಿ ಆಗುತ್ತೆ. ಟರ್ಬೊ ಬೇರಿಂಗನ್ನು ಕಾಯೋದೂ ಇಂಜಿನ್ ಆಯಿಲ್ಲೇ. ಅದು 90ರಿಂದ 110 ಡಿಗ್ರಿ ಒಳಗಿದ್ರೆ ಆರೋಗ್ಯ. 130ರ ಮೇಲೆ ಹೊತ್ತು ಕಳೆದ್ರೆ ಕೆಡುತ್ತೆ. 80ಕ್ಕಿಂತ ಕೆಳಗೇ ಇದ್ರೆ ಒಳಗೆ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗಲ್ಲ, ಗಟ್ಟಿ ಎಣ್ಣೆ ತಳ್ಳೋಕೆ ಪಂಪಿಗೂ ಕಷ್ಟ. ದಿನಾ ಕಾಲೇಜಿಗೂ ಮನೆಗೂ ಎಂಟು ಕಿಲೋಮೀಟರ್ ಓಡೋ ಕಾರಿಗೆ ಥರ್ಮೋಸ್ಟಾಟ್ ಇಲ್ಲದ ಆಯಿಲ್ ಕೂಲರ್ ಹಾಕಿಸೋದು, ಜ್ವರ ಇಲ್ಲದವನ ಹಣೆಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ.

ಮಾಸ್ 1946ರ ನವೆಂಬರ್‌ನಲ್ಲಿ ಲಿನ್ ಊರಿನಲ್ಲೇ ತೀರಿಕೊಂಡ. ಅಷ್ಟರೊಳಗೆ ಅವನ ಹದಿನಾರನೇ ವಯಸ್ಸಿನ ಯೋಚನೆಯೂ ನಿಜವಾಗಿತ್ತು. ಬ್ರಿಟನ್ನಿನ ಫ್ರಾಂಕ್ ವಿಟಲ್‌ನ ಜೆಟ್ ಇಂಜಿನ್ 1941ರಲ್ಲಿ ಅಮೆರಿಕಕ್ಕೆ ಬಂದಾಗ ಅದನ್ನು ಕಟ್ಟೋ ಕೆಲಸ ಲಿನ್ ಕಾರ್ಖಾನೆಗೇ ಹೋಯಿತು, ಬಿಸಿ ಟರ್ಬೈನ್ ಜೊತೆ ಇಪ್ಪತ್ತು ವರ್ಷ ಏಗಿದ ಕೈಗಳು ಅಲ್ಲಿದ್ದವು ಅನ್ನೋ ಕಾರಣಕ್ಕೆ. 1942ರ ಏಪ್ರಿಲ್‌ನಲ್ಲಿ ಅದು ಅಲ್ಲಿ ಓಡಿತು. ಈ ಸಲ ಟರ್ಬೈನ್ ತನ್ನ ಕಂಪ್ರೆಸರನ್ನೂ ಓಡಿಸಿ, ವಿಮಾನವನ್ನೂ ದೂಡಿತು.

ಅವನ ಟರ್ಬೊಗಳು ಬೆಂಗಳೂರಿಗೂ ಬಂದಿವೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಗೆಂದು ಬಿಟ್ಟುಹೋಗಿದ್ದ ಬಿ-24 ಬಾಂಬರುಗಳಲ್ಲಿ ನಲವತ್ತರಷ್ಟನ್ನು 1948ರ ಸುಮಾರಿಗೆ ಎಚ್‌ಎಎಲ್ ಬೆಂಗಳೂರಿಗೆ ತಂದು ಜೀವ ಕೊಟ್ಟಿತು. ಒಂದೊಂದಕ್ಕೆ ನಾಲ್ಕು ಇಂಜಿನ್, ನಾಲ್ಕು ಟರ್ಬೊ. ನಮ್ಮ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು. ಅದೇ ಬಿ-17 ಕಾಲದಲ್ಲಿ ಅಲ್ಯೂಮಿನಿಯಂ ಇಂಟರ್‌ಕೂಲರ್ ಮಾಡಿ ಬೆಳೆದ ಗ್ಯಾರೆಟ್ ಕಂಪನಿ 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಟರ್ಬೊ ಮಾಡಿಕೊಟ್ಟಿತು. ಪೇಟೆಗೆ ಬಂದ ಮೊದಲ ಟರ್ಬೊ ಕಾರುಗಳಲ್ಲಿ ಅದು ಒಂದು. ತಮಾಷೆ ಅಂದ್ರೆ ಅದಕ್ಕೆ ಇಂಟರ್‌ಕೂಲರ್ ಇರಲಿಲ್ಲ. ತಣಿಸೋಕೆ ನೀರು, ಮೆಥನಾಲ್ ಬೆರೆಸಿದ ದ್ರವ ಚಿಮುಕಿಸ್ತಿದ್ದರು, ಮಾಲೀಕರು ಅದನ್ನು ತುಂಬಿಸೋದನ್ನೇ ಮರೀತಿದ್ದರು.

ಸೀನಿಯರ್ ಕೊನೆಗೆ ಮೊದಲು ಕೊಂಡಿದ್ದು ಎರಡು ಮೀಟರ್: ಒಂದು ಆಯಿಲ್ ತಾಪಕ್ಕೆ, ಒಂದು ಇಂಟರ್‌ಕೂಲರ್ ದಾಟಿದ ಗಾಳಿಯ ತಾಪಕ್ಕೆ. ಒಂದು ತಿಂಗಳು ಓದು ಬರೆದಿಟ್ಟರು. ಆಯಿಲ್ 105 ದಾಟಲೇ ಇಲ್ಲ, ಆಯಿಲ್ ಕೂಲರ್ ಮಾತು ಅಲ್ಲಿಗೆ ನಿಂತಿತು. ಇಂಟರ್‌ಕೂಲರಿಗೆ ಸದ್ಯಕ್ಕೆ ಬಂಪರ್ ಹಿಂದಿನ ಸಂದಿಗೆ ಸ್ಪಂಜು ಹೊಡೆಸಿದ್ದಾರೆ. ಅದರ ಓದು ಮುಂದಿನ ತಿಂಗಳು ಬರುತ್ತೆ.